ಕೋಶ ಎರಡಾಗುವ ಮೊದಲು ಡಿಎನ್‌ಎ ನಕಲಾಗುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವುದು ನನ್ನ ಕೆಲಸ. ಮನೆ ಹಿಂದೆ ಸ್ವಲ್ಪ ಕಾಫಿ ತೋಟವೂ ಇದೆ. ಹಾಗಾಗಿ ಡಿಎನ್‌ಎ ಬಗ್ಗೆ ಪ್ರಶ್ನೆಗಳು ಎರಡು ಕಡೆಯಿಂದ ಬರುತ್ತವೆ. ಕ್ಲಾಸಿನಲ್ಲಿ ಮಕ್ಕಳು ಕೇಳುತ್ತಾರೆ, ಸಂತೆ ದಿನ ಸಿಕ್ಕವರು ಕೇಳುತ್ತಾರೆ. ವರ್ಷಗಟ್ಟಲೆ ಉತ್ತರ ಹೇಳಿ ಹೇಳಿ ಒಂದು ವಿಷಯ ಗೊತ್ತಾಗಿದೆ. ಹೆಚ್ಚಿನವರ ತಲೆಯಲ್ಲಿ ಇರುವುದು ಜೆರಾಕ್ಸ್ ಅಂಗಡಿಯ ಚಿತ್ರ. ಮೂಲ ಪ್ರತಿ ಒಂದು ಕಡೆ, ನಕಲು ಇನ್ನೊಂದು ಕಡೆ. ಕೋಶ ಹಾಗೆ ಮಾಡುವುದಿಲ್ಲ. ಅಲ್ಲಿ ಮೂಲ ಅಂತ ಬೇರೆ ಉಳಿಯುವುದೇ ಇಲ್ಲ. ಪ್ರತಿ ನಕಲಿನಲ್ಲೂ ಅರ್ಧ ಹಳೆಯದು ಇರುತ್ತದೆ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು.

## ಡಿಎನ್‌ಎ ಅಂದರೆ ಸರಳವಾಗಿ ಏನು?

ಉದ್ದನೆಯ ಏಣಿ ಅಂದುಕೊಳ್ಳಿ. ಸಿಲ್ವರ್ ಓಕ್ ಮರಕ್ಕೆ ಒರಗಿಸಿ ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ಅಲ್ಲ, ಎರಡು ಕಾಲಿನ ಏಣಿ. ಅದರ ಎರಡೂ ತುದಿ ಹಿಡಿದು ತಿರುಚಿದರೆ ಡಿಎನ್‌ಎ ಆಕಾರ ಬರುತ್ತದೆ. ಎರಡು ಕಾಲುಗಳೇ ಎರಡು ಎಳೆಗಳು. ಒಂದೊಂದು ಮೆಟ್ಟಿಲೂ ಎರಡು ಅಕ್ಷರ ಸೇರಿ ಆಗಿದೆ. ಅಕ್ಷರಗಳು ನಾಲ್ಕೇ ನಾಲ್ಕು: ಎ, ಟಿ, ಜಿ, ಸಿ. ಎ ಎದುರಿಗೆ ಟಿ ಕೂರುತ್ತದೆ, ಜಿ ಎದುರಿಗೆ ಸಿ.

ಇಡೀ ಕಥೆಯ ಬೀಜ ಇಲ್ಲೇ ಇದೆ. ಒಂದು ಎಳೆಯಲ್ಲಿ ‘ಎ ಜಿ ಜಿ ಟಿ’ ಅಂತ ಇದ್ದರೆ ಅದರ ಎದುರಿನ ಎಳೆಯಲ್ಲಿ ‘ಟಿ ಸಿ ಸಿ ಎ’ ಇರಲೇಬೇಕು. ಒಂದು ಎಳೆ ಕೈಯಲ್ಲಿದ್ದರೆ ಇನ್ನೊಂದನ್ನು ಕಟ್ಟಿಕೊಳ್ಳಬಹುದು. 1953ರಲ್ಲಿ ಜೇಮ್ಸ್ ವಾಟ್ಸನ್ ಮತ್ತು ಫ್ರಾನ್ಸಿಸ್ ಕ್ರಿಕ್ ಈ ಆಕಾರವನ್ನು ಪ್ರಕಟಿಸಿದಾಗಲೇ, ಈ ಜೋಡಿ ನಿಯಮ ನಕಲು ಮಾಡುವ ದಾರಿಯನ್ನೂ ತೋರಿಸುತ್ತದೆ ಅಂತ ಬರೆದರು. ಅವರಿಗೆ ದಾರಿ ತೋರಿಸಿದ್ದರಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದ ಎಕ್ಸ್-ರೇ ಚಿತ್ರವೂ ಒಂದು. ಆಕೆಯ ಹೆಸರನ್ನು ನಾನು ಕ್ಲಾಸಿನಲ್ಲಿ ತಪ್ಪದೆ ಹೇಳುತ್ತೇನೆ. 1962ರಲ್ಲಿ ನೊಬೆಲ್ ಕೊಡುವ ಹೊತ್ತಿಗೆ ಆಕೆ ಬದುಕಿರಲಿಲ್ಲ.

ನಮ್ಮ ಒಂದು ಕೋಶದಲ್ಲಿ 46 ವರ್ಣತಂತುಗಳು (ಕ್ರೋಮೋಸೋಮ್, ಅಂದರೆ ಡಿಎನ್‌ಎ ಸುತ್ತಿಟ್ಟ ಕಟ್ಟುಗಳು), 600 ಕೋಟಿಗೂ ಹೆಚ್ಚು ಅಕ್ಷರ ಜೋಡಿಗಳು. ಎಲ್ಲ ಬಿಡಿಸಿ ಒಂದರ ಹಿಂದೆ ಒಂದು ಇಟ್ಟರೆ ಸುಮಾರು 2 ಮೀಟರ್ ಉದ್ದ. ಅಷ್ಟೂ ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಪಾಲಿಗಿಂತ ಚಿಕ್ಕ ಕೋಶಕೇಂದ್ರದೊಳಗೆ ಸುತ್ತಿಕೊಂಡು ಕೂತಿದೆ.

## ನಕಲು ಮಾಡುವ ಅಗತ್ಯವಾದರೂ ಏನು?

ನಾವೆಲ್ಲ ಶುರುವಾಗಿದ್ದು ಒಂದೇ ಕೋಶದಿಂದ. ಈಗ ದೊಡ್ಡವರ ಮೈಯಲ್ಲಿ ಸುಮಾರು 30 ಲಕ್ಷ ಕೋಟಿ ಕೋಶಗಳಿವೆ. ಒಂದು ಎರಡಾಗುವಾಗಲೆಲ್ಲ ಎರಡಕ್ಕೂ ಪೂರ್ತಿ ಬರಹ ಸಿಗಬೇಕು, ಅರ್ಧರ್ಧ ಹಂಚಿದರೆ ಆಗದು.

ಬೆಳೆದ ಮೇಲೂ ಕೆಲಸ ನಿಲ್ಲುವುದಿಲ್ಲ. ತೋಟದಲ್ಲಿ ಕತ್ತಿ ತಾಗಿ ಗಾಯ ಆದರೆ ಚರ್ಮ ಮತ್ತೆ ಕೂಡಬೇಕು. ಮೂಳೆಯ ಮಜ್ಜೆಯಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ರಕ್ತಕಣಗಳು ತಯಾರಾಗುತ್ತವೆ. ಆ ಕಣಗಳು ಕೊನೆಗೆ ತಮ್ಮ ಡಿಎನ್‌ಎಯನ್ನೇ ಹೊರಹಾಕಿಬಿಡುತ್ತವೆ. ಆದರೆ ಅವನ್ನು ಹುಟ್ಟಿಸುವ ಕೋಶಗಳು ನೀವು ಈ ಸಾಲು ಓದುತ್ತಿರುವಾಗಲೂ ನಕಲು ಮಾಡುತ್ತಲೇ ಇವೆ.

## ಎಲ್ಲ ಕೋಶಗಳೂ ಯಾವಾಗಲೂ ನಕಲು ಮಾಡುತ್ತಾ ಇರುತ್ತವಾ?

ಇಲ್ಲ. ಮೆದುಳಿನ ನರಕೋಶಗಳು ಸಾಮಾನ್ಯವಾಗಿ ಮತ್ತೆ ವಿಭಜನೆ ಆಗುವುದಿಲ್ಲ. ಲಿವರ್ ಕೋಶಗಳು ಸುಮ್ನೆ ಇದ್ದು, ಪೆಟ್ಟು ಬಿದ್ದಾಗ ಎದ್ದು ಕೆಲಸ ಶುರು ಮಾಡುತ್ತವೆ. ಕಾಫಿ ಗಿಡದ ಕಾಂಡದಲ್ಲಿ ಮಲಗಿದ್ದ ಮೊಗ್ಗು ಪ್ರೂನಿಂಗ್ ಆದ ಮೇಲೆ ಚಿಗುರುತ್ತದಲ್ಲ, ಅಲ್ಲೂ ಹೀಗೇ.

ವಿಭಜನೆ ಆಗುವ ಕೋಶಕ್ಕೆ ಒಂದು ಸರದಿ ಇದೆ. ಮೊದಲು ಬೆಳೆಯುವ ಹಂತ. ಆಮೇಲೆ ಡಿಎನ್‌ಎ ನಕಲು ಮಾಡುವ ಎಸ್ ಹಂತ. ಆಮೇಲೆ ಎಲ್ಲ ಸರಿ ಇದೆಯಾ ಅಂತ ನೋಡುವ ಬಿಡುವು. ಕೊನೆಗೆ ಒಡೆಯುವುದು. ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಕೋಶ ಒಂದು ಸುತ್ತು ಮುಗಿಸಲು ಸುಮಾರು 24 ಗಂಟೆ ಬೇಕು. ಅದರಲ್ಲಿ ಸುಮಾರು 8 ಗಂಟೆ ನಕಲಿಗೇ ಹೋಗುತ್ತದೆ. ಕಣ್ಣಿಗೆ ಕಾಣುವ ವಿಭಜನೆ ಗಂಟೆಯೊಂದರಲ್ಲಿ ಮುಗಿಯುತ್ತದೆ. ನಡುವೆ ಚೆಕ್‌ಪೋಸ್ಟ್‌ಗಳಿವೆ. ಡಿಎನ್‌ಎ ಕೆಟ್ಟಿದ್ದರೆ ಕೋಶ ಅಲ್ಲೇ ನಿಂತು ರಿಪೇರಿ ಮಾಡಿಕೊಳ್ಳುತ್ತದೆ. ಕೋಶದ ಈ ಸರದಿಯನ್ನು ನಿಯಂತ್ರಿಸುವ ವ್ಯವಸ್ಥೆಯನ್ನು ಕಂಡುಕೊಟ್ಟ ಹಾರ್ಟ್‌ವೆಲ್, ಹಂಟ್, ನರ್ಸ್ ಅವರಿಗೆ 2001ರಲ್ಲಿ ನೊಬೆಲ್ ಬಂತು.

## ಎರಡು ಎಳೆ ಬಿಚ್ಚುವುದು ಹೇಗೆ? ತಿರುಚಿದ್ದನ್ನು ಬಿಚ್ಚಿದರೆ ಸಿಕ್ಕಾಗುವುದಿಲ್ಲವಾ?

ಆಗುತ್ತದೆ. ಇದನ್ನು ಕೇಳಿದವರಿಗೆ ನಾನು ಹಗ್ಗ ಕೊಡುತ್ತೇನೆ.

ಎರಡು ಹುರಿಯ ತೆಂಗಿನ ನಾರಿನ ಹಗ್ಗ ಒಂದು ಮಾರು ತೆಗೆದುಕೊಳ್ಳಿ. ಒಂದು ತುದಿಯನ್ನು ಕಿಟಕಿ ಸರಳಿಗೆ ಗಟ್ಟಿಯಾಗಿ ಕಟ್ಟಿ. ಇನ್ನೊಂದು ತುದಿಯಲ್ಲಿ ಎರಡು ಹುರಿಗಳನ್ನು ಎರಡು ಕೈಯಲ್ಲಿ ಹಿಡಿದು ಬೇರೆ ಬೇರೆ ಎಳೆಯುತ್ತಾ ಹೋಗಿ. ಮೊದಲ ಗೇಣು ಸಲೀಸಾಗಿ ಬರುತ್ತದೆ. ಆಮೇಲೆ ನೋಡಿ, ಕೈಗಿಂತ ಮುಂದಿರುವ ಹಗ್ಗ ಬಿಗಿಯಾಗುತ್ತದೆ. ಇನ್ನೂ ಎಳೆದರೆ ಅದು ತನ್ನ ಮೇಲೆ ತಾನೇ ಸುತ್ತಿಕೊಂಡು ಗಂಟಾಗಿ, ಕೈ ಮುಂದೆ ಹೋಗುವುದೇ ಇಲ್ಲ.

ಕೋಶದಲ್ಲಿ ಎಳೆಗಳನ್ನು ಬಿಡಿಸುವ ಕೈ ಹೆಲಿಕೇಸ್ ಎನ್ನುವ ಕಿಣ್ವ (ಎಂಜೈಮ್, ಅಂದರೆ ಕೋಶದ ಕೆಲಸ ಮಾಡಿಕೊಡುವ ಪ್ರೋಟೀನ್). ಅದು ಉಂಗುರದಂತೆ ಒಂದು ಎಳೆಯನ್ನು ಅಪ್ಪಿಕೊಂಡು ಮುಂದೆ ಸರಿಯುತ್ತದೆ, ಜೋಡಿಗಳು ಬಿಡುತ್ತಾ ಹೋಗುತ್ತವೆ. ಡಿಎನ್‌ಎಯಲ್ಲಿ ಸುಮಾರು ಹತ್ತು ಜೋಡಿಗೆ ಒಂದು ಸುತ್ತು ಇದೆ. ಬ್ಯಾಕ್ಟೀರಿಯಾದಲ್ಲಿ ನಕಲು ಸೆಕೆಂಡಿಗೆ ಸುಮಾರು 1000 ಅಕ್ಷರದ ವೇಗದಲ್ಲಿ ಓಡುತ್ತದೆ. ಅಂದರೆ ಸೆಕೆಂಡಿಗೆ ನೂರು ಸುತ್ತು ಬಿಚ್ಚಬೇಕು. ಮುಂದಿನ ಹಗ್ಗದ ಗತಿ ಏನಾಗಬೇಕು ಹೇಳಿ!

ಅದಕ್ಕೆ ಟೋಪೋಐಸೋಮರೇಸ್ ಎನ್ನುವ ಇನ್ನೊಂದು ಕಿಣ್ವ ಮುಂದೆ ಮುಂದೆ ಹೋಗುತ್ತಿರುತ್ತದೆ. ಅದು ಬಿಗಿದ ಕಡೆ ಎಳೆಯನ್ನು ಕತ್ತರಿಸಿ, ಬಿಗಿ ಸಡಿಲಿಸಿ, ಮತ್ತೆ ಅಂಟಿಸಿಬಿಡುತ್ತದೆ. ಕತ್ತರಿಸಿದ ತುದಿಯನ್ನು ಕೈಬಿಡುವುದೇ ಇಲ್ಲ. ನನಗೆ ಇಡೀ ಕಥೆಯಲ್ಲಿ ಅತಿ ಹೆಚ್ಚು ಅಚ್ಚರಿ ಹುಟ್ಟಿಸುವುದು ಇದೇ ಕಿಣ್ವ. ಡಾಕ್ಟರ್ ಬರೆದುಕೊಡುವ ಸಿಪ್ರೊಫ್ಲಾಕ್ಸಾಸಿನ್ ಮಾತ್ರೆ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಈ ಬಗೆಯ ಕಿಣ್ವವನ್ನು ಹಿಡಿದೇ. ಕತ್ತರಿಸಿದ್ದನ್ನು ಅಂಟಿಸಲು ಬಿಡುವುದಿಲ್ಲ. ನಮ್ಮ ಕೋಶದ ಕಿಣ್ವದ ರಚನೆ ಬೇರೆ, ಅದಕ್ಕೇ ಆ ಮಾತ್ರೆಯನ್ನು ನಾವು ನುಂಗಬಹುದು.

## ಹೊಸ ಎಳೆ ಕಟ್ಟುವವರು ಯಾರು?

ಡಿಎನ್‌ಎ ಪಾಲಿಮರೇಸ್. ಅಮೆರಿಕದ ಆರ್ಥರ್ ಕಾರ್ನ್‌ಬರ್ಗ್ 1956ರಲ್ಲಿ ಇದನ್ನು ಕಂಡುಹಿಡಿದರು, 1959ರಲ್ಲಿ ನೊಬೆಲ್ ಪಡೆದರು. ಇದು ಹಳೆಯ ಎಳೆಯ ಅಕ್ಷರ ಓದಿ, ಅದಕ್ಕೆ ಹೊಂದುವ ಅಕ್ಷರವನ್ನು ಹೊಸ ಎಳೆಗೆ ಸೇರಿಸುತ್ತಾ ಹೋಗುತ್ತದೆ. ಅಕ್ಷರಗಳು ಬರುವಾಗಲೇ ತಮ್ಮ ಜೊತೆ ಮೂರು ಫಾಸ್ಫೇಟ್ ಹೊತ್ತು ತರುತ್ತವೆ. ಅದರಲ್ಲಿ ಎರಡು ಕಳಚಿ ಬೀಳುವಾಗ ಬರುವ ಶಕ್ತಿಯೇ ಜೋಡಣೆಗೆ ಸಾಕಾಗುತ್ತದೆ.

ಪಾಲಿಮರೇಸ್‌ಗೆ ಎರಡು ಹಟಗಳಿವೆ. ಒಂದು, ಅದು ಖಾಲಿ ಜಾಗದಿಂದ ಶುರು ಮಾಡುವುದಿಲ್ಲ. ಮೊದಲು ಯಾರಾದರೂ ಕೆಲವು ಅಕ್ಷರ ಇಟ್ಟುಕೊಡಬೇಕು. ಆ ಕೆಲಸಕ್ಕೆ ಪ್ರೈಮೇಸ್ ಇದೆ, ಅದು ಸುಮಾರು ಹತ್ತು ಅಕ್ಷರದ ಆರ್‌ಎನ್‌ಎ (ಡಿಎನ್‌ಎಯ ಹತ್ತಿರದ ನೆಂಟ) ತುಂಡನ್ನು ಇಡುತ್ತದೆ. ನಕಲಾದ ಮೇಲೆ ಆ ತುಂಡನ್ನು ತೆಗೆದು ಡಿಎನ್‌ಎ ತುಂಬಲಾಗುತ್ತದೆ. ಎರಡನೇ ಹಟದ ಬಗ್ಗೆ ಮಕ್ಕಳು ಜಾಸ್ತಿ ಕೇಳುತ್ತಾರೆ. ಅದನ್ನು ಪ್ರತ್ಯೇಕವಾಗಿಯೇ ಹೇಳಬೇಕು.

## ಒಂದು ಎಳೆ ಸಲೀಸಾಗಿ, ಇನ್ನೊಂದು ತುಂಡು ತುಂಡಾಗಿ ಯಾಕೆ?

ಏಣಿಯ ಎರಡು ಕಾಲುಗಳು ಎದುರುಬದುರು ದಿಕ್ಕಿಗೆ ಮುಖ ಮಾಡಿವೆ. ಕುಶಾಲನಗರದಿಂದ ಮಡಿಕೇರಿಗೆ ಹತ್ತುವ ರಸ್ತೆಯಲ್ಲಿ ಒಂದು ಕಡೆ ಹತ್ತುವ ಗಾಡಿ, ಇನ್ನೊಂದು ಕಡೆ ಇಳಿಯುವ ಗಾಡಿ ಇದ್ದ ಹಾಗೆ. ಪಾಲಿಮರೇಸ್ ಹೊಸ ಎಳೆಯ ಒಂದು ತುದಿಗೆ ಮಾತ್ರ ಅಕ್ಷರ ಸೇರಿಸಬಲ್ಲದು. ಅದೇ ಎರಡನೇ ಹಟ.

ಇದನ್ನು ನಾಟಿ ಕೆಲಸ ನೋಡಿದವರಿಗೆ ಹೇಳುವುದು ಸುಲಭ. ನಾಟಿ ಮಾಡುವವರು ಹಿಂದಕ್ಕೆ ಹೆಜ್ಜೆ ಇಡುತ್ತಾ ನೆಡುತ್ತಾರೆ, ಅಲ್ವಾ? ಮುಂದಕ್ಕೆ ನಡೆದರೆ ನೆಟ್ಟ ಪೈರನ್ನೇ ತುಳಿಯುತ್ತಾರೆ. ಈಗ ಉದ್ದನೆಯ, ಅಗಲ ಕಡಿಮೆ ಇರುವ ಒಂದು ಗದ್ದೆ ಇದೆ ಅಂದುಕೊಳ್ಳಿ. ಈ ಬದುವಿನಿಂದ ಆ ಬದುವಿನ ಕಡೆಗೆ ಟಿಲ್ಲರ್ ಉಳುತ್ತಾ ಹೋಗುತ್ತಿದೆ. ಅದೇ ನಮ್ಮ ಹೆಲಿಕೇಸ್. ಅದರ ಹಿಂದೆ ಇಬ್ಬರು ನಾಟಿಯವರು, ಅಕ್ಕಪಕ್ಕದ ಸಾಲಿನಲ್ಲಿ. ಮೊದಲನೆಯವರು ಟಿಲ್ಲರ್‌ಗೆ ಬೆನ್ನು ಕೊಟ್ಟು ನಿಂತಿದ್ದಾರೆ. ಹಿಂದಕ್ಕೆ ಹೆಜ್ಜೆ ಇಡುತ್ತಾ ಟಿಲ್ಲರ್ ಹೋದ ಕಡೆಗೇ ಹೋಗುತ್ತಾರೆ. ಕೈ ಎತ್ತುವುದೇ ಬೇಡ, ಒಂದೇ ಉಸಿರಿಗೆ ನೆಟ್ಟುಕೊಂಡು ಹೋಗಬಹುದು.

ಎರಡನೆಯವರು ಟಿಲ್ಲರ್ ಕಡೆಗೆ ಮುಖ ಮಾಡಿ ನಿಲ್ಲಲೇಬೇಕು ಅನ್ನುವುದು ನಿಯಮ. ಹಿಂದಕ್ಕೆ ಹೆಜ್ಜೆ ಇಟ್ಟರೆ ಟಿಲ್ಲರ್‌ನಿಂದ ದೂರ ಹೋಗುತ್ತಾರೆ. ಏನು ಮಾಡಬೇಕು? ಸ್ವಲ್ಪ ಗದ್ದೆ ಉಳುವವರೆಗೆ ಕಾಯುತ್ತಾರೆ. ಟಿಲ್ಲರ್ ಹತ್ತಿರ ಹೋಗಿ ನಿಂತು ಹಿಂದಕ್ಕೆ ನೆಡುತ್ತಾ ಬರುತ್ತಾರೆ, ಆಗಲೇ ನೆಟ್ಟ ಪೈರು ಸಿಗುವವರೆಗೆ. ಮತ್ತೆ ಎದ್ದು ಟಿಲ್ಲರ್ ಹತ್ತಿರ ಹೋಗುತ್ತಾರೆ, ಮತ್ತೆ ಹಿಂದಕ್ಕೆ ನೆಡುತ್ತಾರೆ. ಇಬ್ಬರ ಗದ್ದೆಯೂ ತುಂಬುತ್ತದೆ. ಎರಡನೆಯವರದು ತುಂಡು ತುಂಡಾಗಿ ತುಂಬುತ್ತದೆ ಅಷ್ಟೆ. ತುಂಡುಗಳ ನಡುವಿನ ಬಿರುಕನ್ನು ಲೈಗೇಸ್ ಎನ್ನುವ ಕಿಣ್ವ ಬೆಸೆಯುತ್ತದೆ.

ಈ ತುಂಡುಗಳಿಗೆ ಒಕಾಝಾಕಿ ತುಂಡುಗಳು ಅಂತ ಹೆಸರು. ಬ್ಯಾಕ್ಟೀರಿಯಾದಲ್ಲಿ ಒಂದೊಂದೂ 1000ದಿಂದ 2000 ಅಕ್ಷರ ಉದ್ದ. ನಮ್ಮಲ್ಲಿ 100ರಿಂದ 200 ಮಾತ್ರ. 1960ರ ದಶಕದಲ್ಲಿ ಜಪಾನಿನ ನಗೋಯಾದಲ್ಲಿ ಇವನ್ನು ಕಂಡುಹಿಡಿದವರು ರೇಜಿ ಮತ್ತು ತ್ಸುನೆಕೊ ಒಕಾಝಾಕಿ ದಂಪತಿ. ರೇಜಿ ಹುಡುಗನಾಗಿದ್ದಾಗ ಹಿರೋಶಿಮಾದ ಬಾಂಬಿನ ವಿಕಿರಣಕ್ಕೆ ಸಿಕ್ಕವರು. 1975ರಲ್ಲಿ, 44ನೇ ವಯಸ್ಸಿಗೆ, ರಕ್ತದ ಕ್ಯಾನ್ಸರಿನಿಂದ ತೀರಿಹೋದರು. ತ್ಸುನೆಕೊ ಕೆಲಸ ಮುಂದುವರಿಸಿದರು. ಪಠ್ಯದಲ್ಲಿ ಒಂದು ಪದವಾಗಿ ಬಂದು ಹೋಗುವ ಹೆಸರಿನ ಹಿಂದೆ ಇಷ್ಟು ಬದುಕಿದೆ ಅಂತ ಮಕ್ಕಳಿಗೆ ಗೊತ್ತಿರಬೇಕು.

## ಪ್ರತಿ ನಕಲಿನಲ್ಲೂ ಅರ್ಧ ಹಳೆಯದು ಅಂತ ಯಾರು ನೋಡಿದರು?

ಮ್ಯಾಥ್ಯೂ ಮೆಸೆಲ್ಸನ್ ಮತ್ತು ಫ್ರಾಂಕ್ಲಿನ್ ಸ್ಟಾಲ್, 1958ರಲ್ಲಿ. ಇವರ ಪ್ರಯೋಗ ಅರ್ಥವಾಗಲು ಮೊದಲು ಕಾಫಿ ಹಣ್ಣನ್ನು ನೆನಪಿಸಿಕೊಳ್ಳಿ. ಪಲ್ಪಿಂಗ್‌ಗೆ ಮೊದಲು ಹಣ್ಣನ್ನು ನೀರಿಗೆ ಸುರಿಯುತ್ತೇವೆ. ಗಟ್ಟಿ ಹಣ್ಣು ಮುಳುಗುತ್ತದೆ, ಜೊಳ್ಳು ತೇಲುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಕೆಂಪು. ತೂಕ ಬೇರೆ ಮಾಡಿ ತೋರಿಸುತ್ತದೆ.

ಅವರೂ ಡಿಎನ್‌ಎಯನ್ನು ಹೀಗೇ ತೇಲಿಸಿ ನೋಡಿದರು. ಮೊದಲು ಇ. ಕೊಲೈ ಬ್ಯಾಕ್ಟೀರಿಯಾವನ್ನು ಭಾರದ ನೈಟ್ರೋಜನ್ ಇರುವ ಆಹಾರದಲ್ಲಿ ತಲೆಮಾರುಗಟ್ಟಲೆ ಬೆಳೆಸಿದರು. ಅದರ ಡಿಎನ್‌ಎ ಎಲ್ಲ ಭಾರವಾಯಿತು. ಆಮೇಲೆ ಸಾಮಾನ್ಯ, ಹಗುರ ನೈಟ್ರೋಜನ್‌ಗೆ ಬದಲಿಸಿದರು. ಇನ್ನು ಮುಂದೆ ಕಟ್ಟುವ ಹೊಸ ಎಳೆ ಎಲ್ಲ ಹಗುರ. ಒಂದೊಂದು ತಲೆಮಾರಿಗೂ ಡಿಎನ್‌ಎ ತೆಗೆದು, ಸೀಸಿಯಂ ಕ್ಲೋರೈಡ್ ದ್ರಾವಣದಲ್ಲಿ ಹಾಕಿ, ನಿಮಿಷಕ್ಕೆ 40,000ಕ್ಕೂ ಹೆಚ್ಚು ಸುತ್ತಿನ ವೇಗದಲ್ಲಿ ಗಂಟೆಗಟ್ಟಲೆ ತಿರುಗಿಸಿದರು. ಡಿಎನ್‌ಎ ತನ್ನ ತೂಕಕ್ಕೆ ತಕ್ಕ ಎತ್ತರದಲ್ಲಿ ಪಟ್ಟಿಯಾಗಿ ನಿಲ್ಲುತ್ತದೆ.

ಜೆರಾಕ್ಸ್ ಥರ ಆಗಿದ್ದರೆ ಒಂದು ತಲೆಮಾರಿನ ನಂತರ ಎರಡು ಪಟ್ಟಿ ಕಾಣಬೇಕಿತ್ತು. ಪೂರ್ತಿ ಭಾರದ್ದೊಂದು, ಪೂರ್ತಿ ಹಗುರದ್ದೊಂದು. ಕಂಡಿದ್ದು ಒಂದೇ ಪಟ್ಟಿ, ಸರಿಯಾಗಿ ನಡುವೆ! ಹಾಗಾದರೆ ಹಳೆಯ ಎಳೆಗಳು ಚೂರು ಚೂರಾಗಿ ಎಲ್ಲ ಕಡೆ ಬೆರೆತಿರಬಹುದಾ? ಎರಡನೇ ತಲೆಮಾರು ಅದಕ್ಕೂ ಉತ್ತರ ಕೊಟ್ಟಿತು. ಅರ್ಧ ನಡುವೆ, ಅರ್ಧ ಹಗುರ. ಚೂರಾಗಿ ಬೆರೆತಿದ್ದರೆ ನಡುವಿನ ಪಟ್ಟಿ ಮೇಲಕ್ಕೆ ಸರಿಯಬೇಕಿತ್ತು. ಅದು ಸರಿಯಲಿಲ್ಲ. ಹಳೆಯ ಎಳೆ ಹರಿಯದೆ ಇಡಿಯಾಗಿ ಒಂದು ಮಗಳು ಕೋಶಕ್ಕೆ ಹೋಗುತ್ತದೆ, ಅದರ ಜೊತೆ ಒಂದು ಹೊಸ ಎಳೆ.

ಇದನ್ನು ಬೋರ್ಡಿನ ಮೇಲೆ ಬರೆದು ಮುಗಿಸಿದಾಗಲೆಲ್ಲ ನನಗೆ ಇನ್ನೊಂದು ನೆನಪಾಗುತ್ತದೆ. ನೀವು ಒಂದೇ ಕೋಶವಾಗಿದ್ದಾಗ ಅದರಲ್ಲಿ ತಾಯಿಯಿಂದ ಬಂದ ಎಳೆಗಳೂ ತಂದೆಯಿಂದ ಬಂದ ಎಳೆಗಳೂ ಇದ್ದವು. ಮೊದಲ ನಕಲಿನಲ್ಲಿ ಅವನ್ನು ಯಾರೂ ಬಿಸಾಡಲಿಲ್ಲ. ಅಚ್ಚಿನ ಹಾಗೆ ಬಳಸಿ ಎರಡು ಕೋಶಗಳಿಗೆ ಹಂಚಿದರು.

## 600 ಕೋಟಿ ಜೋಡಿ 8 ಗಂಟೆಯಲ್ಲಿ ಹೇಗೆ ಮುಗಿಯುತ್ತದೆ?

ನಮ್ಮ ಪಾಲಿಮರೇಸ್ ನಿಧಾನ. ಸೆಕೆಂಡಿಗೆ ಸುಮಾರು 50 ಅಕ್ಷರ. ನಮ್ಮ ಅತಿ ದೊಡ್ಡ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಜೋಡಿಗಳಿವೆ. ನಡುವಿನ ಒಂದೇ ಜಾಗದಿಂದ ಎರಡೂ ಕಡೆಗೆ ಹೊರಟರೆ ಮುಗಿಸಲು ಒಂದು ತಿಂಗಳು ಬೇಕು. ನೀವೇ ಲೆಕ್ಕ ಹಾಕಿ ನೋಡಿ.

ಕಾಫಿ ಕೊಯ್ಲಿಗೆ ನಾವು ಏನು ಮಾಡುತ್ತೇವೆ? ಎಲ್ಲ ಆಳುಗಳನ್ನೂ ಒಂದೇ ಸಾಲಿಗೆ ಬಿಡುವುದಿಲ್ಲ, ಬೇರೆ ಬೇರೆ ಬ್ಲಾಕಿನಲ್ಲಿ ಒಟ್ಟಿಗೆ ಶುರು ಮಾಡಿಸುತ್ತೇವೆ. ಕೋಶವೂ ಹಾಗೇ. ಮನುಷ್ಯ ಕೋಶದಲ್ಲಿ ಹತ್ತಾರು ಸಾವಿರ ಜಾಗಗಳಿಂದ ನಕಲು ಶುರುವಾಗುತ್ತದೆ. ಎಲ್ಲವೂ ಒಂದೇ ಕ್ಷಣಕ್ಕಲ್ಲ, ಕೆಲವು ಬೇಗ, ಕೆಲವು ತಡ. ಒಂದು ಜಾಗ ಒಂದು ಸುತ್ತಿಗೆ ಒಂದೇ ಸಲ ಶುರುವಾಗಬೇಕು ಅನ್ನುವುದು ಕಟ್ಟುನಿಟ್ಟು, ಇಲ್ಲದಿದ್ದರೆ ಕೆಲವು ಭಾಗ ಎರಡೆರಡು ಸಲ ನಕಲಾಗುತ್ತದೆ.

ಇ. ಕೊಲೈನಲ್ಲಿ ಇನ್ನೊಂದು ಸೊಗಸಿದೆ. ಅದರ 46 ಲಕ್ಷ ಜೋಡಿಗೆ ಶುರುವಾಗುವ ಜಾಗ ಒಂದೇ. ನಕಲಿಗೆ ಸುಮಾರು 40 ನಿಮಿಷ ಬೇಕು. ಆದರೆ ಚೆನ್ನಾಗಿ ಊಟ ಸಿಕ್ಕರೆ ಅದು 20 ನಿಮಿಷಕ್ಕೊಮ್ಮೆ ಎರಡಾಗುತ್ತದೆ! ಗುಟ್ಟು ಏನೆಂದರೆ ಒಂದು ನಕಲು ಮುಗಿಯುವ ಮೊದಲೇ ಅದರ ಮೇಲೆ ಮುಂದಿನ ನಕಲು ಶುರುವಾಗಿರುತ್ತದೆ. ಮಗಳು ಹುಟ್ಟುವಾಗಲೇ ಮೊಮ್ಮಗಳ ಕೆಲಸ ಅರ್ಧ ಆಗಿರುತ್ತದೆ.

## ತಪ್ಪು ಆಗುವುದಿಲ್ಲವಾ?

ಆಗುತ್ತದೆ. ಪಾಲಿಮರೇಸ್ ಸುಮಾರು ಲಕ್ಷಕ್ಕೊಂದು ಅಕ್ಷರ ತಪ್ಪು ಇಡುತ್ತದೆ. ಅಷ್ಟಕ್ಕೇ ಬಿಟ್ಟರೆ ಪ್ರತಿ ವಿಭಜನೆಗೂ ಒಂದು ಕೋಶದಲ್ಲಿ ಹತ್ತಾರು ಸಾವಿರ ತಪ್ಪುಗಳು ಸೇರುತ್ತಿದ್ದವು.

ಮೊದಲ ತಿದ್ದುಪಡಿ ಪಾಲಿಮರೇಸ್‌ದೇ. ತಪ್ಪು ಅಕ್ಷರ ಕೂತರೆ ಮೆಟ್ಟಿಲು ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಓರೆಯಾಗುತ್ತದೆ. ಪಾಲಿಮರೇಸ್‌ಗೆ ಅದು ತಿಳಿಯುತ್ತದೆ. ಬುಟ್ಟಿ ಹೆಣೆಯುವವರು ತಪ್ಪಿದ ಕಡ್ಡಿಯನ್ನು ಹಿಂದಕ್ಕೆಳೆದು ಮತ್ತೆ ಹಾಕುವಂತೆ, ಅದು ಒಂದು ಹೆಜ್ಜೆ ಹಿಂದೆ ಬಂದು ತಪ್ಪು ಅಕ್ಷರ ಕಿತ್ತು ಸರಿಯಾದದ್ದನ್ನು ಇಡುತ್ತದೆ. ಇದರಿಂದ ತಪ್ಪು ಸುಮಾರು ಕೋಟಿಗೊಂದಕ್ಕೆ ಇಳಿಯುತ್ತದೆ. ಆಮೇಲೆ ಬೇರೆ ಕಿಣ್ವಗಳ ಗುಂಪು ಹಿಂದೆ ಹಿಂದೆ ಬಂದು ಉಳಿದ ಓರೆ ಮೆಟ್ಟಿಲುಗಳನ್ನು ಹುಡುಕಿ ತಿದ್ದುತ್ತದೆ. ಕೊನೆಗೆ ಉಳಿಯುವುದು 100 ಕೋಟಿಗೆ ಒಂದು ತಪ್ಪು, ಅಥವಾ ಅದಕ್ಕಿಂತ ಕಡಿಮೆ.

ಜಾಣ ಮಕ್ಕಳು ಇಲ್ಲಿ ಒಂದು ಪ್ರಶ್ನೆ ಕೇಳುತ್ತಾರೆ. ಎದುರುಬದುರು ಎರಡು ಅಕ್ಷರ ಹೊಂದುತ್ತಿಲ್ಲ ಅಂದರೆ, ಅದರಲ್ಲಿ ತಪ್ಪು ಯಾವುದು ಅಂತ ಹೇಗೆ ಗೊತ್ತು? ಇಲ್ಲೂ ‘ಅರ್ಧ ಹಳೆಯದು’ ಅನ್ನುವುದೇ ಕೈ ಹಿಡಿಯುತ್ತದೆ. ಹಳೆಯ ಎಳೆಯೇ ಸರಿ, ಹೊಸದನ್ನು ತಿದ್ದಬೇಕು. ಇ. ಕೊಲೈನಲ್ಲಿ ಹಳೆಯ ಎಳೆಗೆ ಅಲ್ಲಲ್ಲಿ ಮೀಥೈಲ್ ಎನ್ನುವ ಗುರುತು ಹಚ್ಚಿರುತ್ತದೆ. ಹೊಸ ಎಳೆಗೆ ಅದು ಹತ್ತಲು ಸ್ವಲ್ಪ ಹೊತ್ತು ಬೇಕು. ಆ ಸ್ವಲ್ಪ ಹೊತ್ತಿನಲ್ಲೇ ತಿದ್ದುವ ಕೆಲಸ ಮುಗಿಯುತ್ತದೆ. ಇದನ್ನು ಬಿಡಿಸಿಟ್ಟ ಪಾಲ್ ಮಾಡ್ರಿಚ್ ಅವರಿಗೆ ಥಾಮಸ್ ಲಿಂಡಾಲ್, ಅಜೀಜ್ ಸಂಕಾರ್ ಜೊತೆ 2015ರಲ್ಲಿ ನೊಬೆಲ್ ಸಿಕ್ಕಿತು.

## ಉಳಿದ ತಪ್ಪಿನಿಂದಲೇ ಕಾಯಿಲೆ ಬರುತ್ತದಾ?

ಎಲ್ಲ ತಪ್ಪೂ ಕಾಯಿಲೆ ಅಲ್ಲ. ಹುಟ್ಟುವ ಪ್ರತಿ ಮಗುವಿನಲ್ಲೂ ಅಪ್ಪ ಅಮ್ಮನಲ್ಲಿ ಇಲ್ಲದ ಸುಮಾರು 60–70 ಹೊಸ ಬದಲಾವಣೆ ಇರುತ್ತವೆ. ಅಪ್ಪನ ವಯಸ್ಸು ಹೆಚ್ಚಿದಷ್ಟೂ ಇವು ಹೆಚ್ಚು, ಯಾಕೆಂದರೆ ವೀರ್ಯಾಣು ಹುಟ್ಟಿಸುವ ಕೋಶಗಳು ಜೀವನಪೂರ್ತಿ ನಕಲು ಮಾಡುತ್ತಲೇ ಇರುತ್ತವೆ. ಬಹುಪಾಲು ಬದಲಾವಣೆಗಳಿಂದ ಏನೂ ಆಗುವುದಿಲ್ಲ.

ಕೆಲವು ಸಲ ಒಂದೇ ಅಕ್ಷರ ಸಾಕು. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ಜೀನಿನ ಒಂದು ಎ ಇದ್ದ ಕಡೆ ಟಿ ಇದೆ, ಅಷ್ಟೇ. ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ. 2023ರಿಂದ ದೇಶದಲ್ಲಿ ಇದಕ್ಕಾಗಿಯೇ ಸರ್ಕಾರಿ ಅಭಿಯಾನ ನಡೆಯುತ್ತಿದೆ. ನಿಮ್ಮ ಹಾಡಿಗೆ (ಬುಡಕಟ್ಟು ಜನರ ಕೇರಿಗೆ) ತಪಾಸಣೆಯವರು ಬಂದರೆ ದಯವಿಟ್ಟು ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳಿ. ಇದು ಯಾರ ತಪ್ಪೂ ಅಲ್ಲ. ಎಷ್ಟೋ ತಲೆಮಾರಿನ ಹಿಂದೆ ಬದಲಾದ ಒಂದು ಅಕ್ಷರವನ್ನು ಕೋಶಗಳು ಅಷ್ಟೇ ನಿಷ್ಠೆಯಿಂದ ನಕಲು ಮಾಡಿಕೊಂಡು ಬಂದಿವೆ.

ಕ್ಯಾನ್ಸರ್ ಬೇರೆ. ಅಲ್ಲಿ ಒಂದೇ ಮೈಯ ಕೋಶಗಳಲ್ಲಿ ಬದಲಾವಣೆಗಳು ಒಂದರ ಮೇಲೊಂದು ಸೇರುತ್ತವೆ. ಚೆಕ್‌ಪೋಸ್ಟ್ ಕೆಡುತ್ತದೆ, ಕೋಶ ನಿಲ್ಲುವುದನ್ನು ಮರೆಯುತ್ತದೆ. ತಂಬಾಕು, ಬಿಸಿಲಿನ ಅತಿನೇರಳೆ ಕಿರಣ ಡಿಎನ್‌ಎಯನ್ನು ಕೆಡಿಸುತ್ತವೆ. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ನಮ್ಮಲ್ಲಿ ಇದೆ. ಅದನ್ನು ಬಿಡಿ ಅಂತ ನಾನು ಎದುರಿಗೇ ಹೇಳುತ್ತೇನೆ, ಇಲ್ಲೂ ಹೇಳುತ್ತಿದ್ದೇನೆ.

## ಏಣಿಯ ತುದಿಯಲ್ಲಿ ಏನಾಗುತ್ತದೆ?

ಮತ್ತೆ ಗದ್ದೆಗೆ ಬನ್ನಿ. ಎರಡನೇ ನಾಟಿಯವರು ಟಿಲ್ಲರ್ ಕಡೆಗೆ ಮುಖ ಮಾಡಿ ನಿಂತು ನೆಡುವವರು. ಟಿಲ್ಲರ್ ಆ ಕಡೆಯ ಬದು ಮುಟ್ಟಿತು. ಬದುವಿಗೆ ತಾಗಿದ ಕೊನೆಯ ಪೈರು ನೆಡಲು ಮೊದಲು ಅಲ್ಲೊಂದು ಆಧಾರ ಬೇಕು. ಆಧಾರದ ಆರ್‌ಎನ್‌ಎ ತುಂಡನ್ನು ಇಟ್ಟು ನೆಟ್ಟರೂ, ಕೊನೆಗೆ ಅದನ್ನು ತೆಗೆದಾಗ ಆ ಜಾಗ ಖಾಲಿ ಉಳಿಯುತ್ತದೆ. ತುಂಬಲು ಅದರಾಚೆ ನೆಲವೇ ಇಲ್ಲ. ಹಾಗಾಗಿ ಪ್ರತಿ ನಕಲಿಗೂ ವರ್ಣತಂತುವಿನ ತುದಿ ಸ್ವಲ್ಪ ಸವೆಯುತ್ತದೆ.

ನಷ್ಟ ಆಗದಂತೆ ತುದಿಯಲ್ಲಿ ‘ಟಿ ಟಿ ಎ ಜಿ ಜಿ ಜಿ’ ಎನ್ನುವ ಆರು ಅಕ್ಷರ ಸಾವಿರಾರು ಸಲ ಬರೆದಿದೆ. ಅದೇ ಟೆಲೋಮಿಯರ್. ಸವೆದರೆ ಅದು ಸವೆಯುತ್ತದೆ, ಒಳಗಿನ ಬರಹಕ್ಕೆ ಏನೂ ಆಗುವುದಿಲ್ಲ. ಪ್ರಯೋಗಾಲಯದಲ್ಲಿ ಮನುಷ್ಯನ ಸಾಮಾನ್ಯ ಕೋಶ ಸುಮಾರು 40ರಿಂದ 60 ಸಲ ಎರಡಾಗಿ ನಿಂತುಬಿಡುತ್ತದೆ ಅಂತ ಲಿಯೊನಾರ್ಡ್ ಹೇಫ್ಲಿಕ್ 1961ರಲ್ಲಿ ತೋರಿಸಿದರು. ತುದಿಯನ್ನು ಮತ್ತೆ ಬೆಳೆಸುವ ಟೆಲೋಮರೇಸ್ ಎನ್ನುವ ಕಿಣ್ವವೂ ಇದೆ. ಅಂಡಾಣು, ವೀರ್ಯಾಣು ಕೊಡುವ ಕೋಶಗಳಲ್ಲಿ ಅದು ಕೆಲಸ ಮಾಡುತ್ತದೆ. ಬಹುಪಾಲು ಕ್ಯಾನ್ಸರ್ ಕೋಶಗಳೂ ಅದನ್ನು ಎಬ್ಬಿಸಿಕೊಂಡಿರುತ್ತವೆ.

## ಮೆಣಸಿನ ಬಳ್ಳಿ ತುಂಡು ನೆಟ್ಟರೆ ಅದೇ ಡಿಎನ್‌ಎನಾ? ಕಾಫಿ ಬೀಜ ಹಾಕಿದರೆ?

ತೋಟದವರು ಜಾಸ್ತಿ ಕೇಳುವುದು ಇದನ್ನೇ. ಮೆಣಸಿನ ಬಳ್ಳಿ ತುಂಡು ನೆಟ್ಟರೆ ಅದೇ ಡಿಎನ್‌ಎ. ಕೋಶಗಳು ಎರಡಾಗುತ್ತಾ ಹೋಗುತ್ತವೆ, ಅಷ್ಟೆ. ತಾಯಿ ಬಳ್ಳಿ ಚೆನ್ನಾಗಿ ಕಾಯಿ ಬಿಟ್ಟರೆ ಮಗಳೂ ಬಿಡುತ್ತಾಳೆ. ಹಾಗೇ ತಾಯಿಗೆ ರೋಗ ಇದ್ದರೆ ತುಂಡಿನ ಜೊತೆ ಅದೂ ಬರುತ್ತದೆ.

ಬೀಜದ ವಿಷಯ ಬೇರೆ. ಬೀಜದಲ್ಲಿ ಎರಡು ಕಡೆಯ ಬರಹ ಕಲಸಿರುತ್ತದೆ. ಅರೇಬಿಕಾ ತನ್ನ ಹೂವಿನ ಪರಾಗದಿಂದಲೇ ಬೀಜ ಕಟ್ಟುತ್ತದೆ, ಹಾಗಾಗಿ ಮಕ್ಕಳು ತಾಯಿಯನ್ನು ಸಾಕಷ್ಟು ಹೋಲುತ್ತವೆ. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಇದು ಗೊತ್ತಿದ್ದೂ ನಾನು ಒಮ್ಮೆ ನಮ್ಮ ತೋಟದ ಅತಿ ಒಳ್ಳೆಯ ರೊಬಸ್ಟಾ ಗಿಡದ ಬೀಜ ಆರಿಸಿ ಬ್ಯಾಗಿಗೆ ಹಾಕಿದೆ. ನಾಲ್ಕೈದು ವರ್ಷ ಕಾದೆ. ಒಂದು ಗಿಡದ ಕಾಯಿ ದಪ್ಪ, ಪಕ್ಕದ್ದರದು ಸಣ್ಣ, ಇನ್ನೊಂದು ಎಲೆ ಬಿಟ್ಟಿದ್ದೇ ಬಿಟ್ಟಿದ್ದು. ತಾಯಿಯಂಥದ್ದೇ ಬೇಕಾದರೆ ಕಸಿ ಮಾಡಬೇಕು ಇಲ್ಲವೇ ಕಡ್ಡಿ ನೆಡಬೇಕು. ಅಂದ ಹಾಗೆ ರೊಬಸ್ಟಾದಲ್ಲಿ 22 ವರ್ಣತಂತು, ಅರೇಬಿಕಾದಲ್ಲಿ 44. ಬಹಳ ಹಿಂದೆ ಆಫ್ರಿಕಾದಲ್ಲಿ ರೊಬಸ್ಟಾದ ಜಾತಿ ಮತ್ತು ಇನ್ನೊಂದು ಕಾಡು ಕಾಫಿ ಕೂಡಿ ಅರೇಬಿಕಾ ಹುಟ್ಟಿತು. ಎರಡರ ಬರಹವನ್ನೂ ಅದು ಇವತ್ತಿಗೂ ಪ್ರತಿ ವಿಭಜನೆಯಲ್ಲಿ ಪೂರ್ತಿಯಾಗಿ ನಕಲು ಮಾಡುತ್ತದೆ.

ಕೊಡಗಿನ ಕಿತ್ತಳೆ ಇನ್ನೂ ಸ್ವಾರಸ್ಯ. ಅದರ ಒಂದು ಬೀಜದಿಂದ ಎರಡು ಮೂರು ಸಸಿ ಎದ್ದಿದ್ದನ್ನು ನೀವು ನೋಡಿರಬಹುದು. ಅದರಲ್ಲಿ ಹೆಚ್ಚಿನವು ಪರಾಗ ಸೇರಿ ಆದವಲ್ಲ. ತಾಯಿಯ ಕೋಶಗಳೇ ಬೀಜದೊಳಗೆ ಭ್ರೂಣವಾಗಿ ಬೆಳೆದವು. ಬೀಜದ ವೇಷದಲ್ಲಿ ಬಂದ ಕಡ್ಡಿ ಅನ್ನಬಹುದು.

## ವೈರಸ್ ಕೂಡ ಹೀಗೇ ನಕಲು ಮಾಡುತ್ತದಾ?

ಅದಕ್ಕೆ ತನ್ನದೇ ಮನೆ ಇಲ್ಲ, ನಮ್ಮ ಕೋಶದ ಸಾಮಾನನ್ನು ಬಳಸಿಕೊಳ್ಳುತ್ತದೆ. ಬಾಳೆಗೆ ಬರುವ ಬಂಚಿ ಟಾಪ್ ರೋಗದ ವೈರಸ್‌ನಲ್ಲಿ ಒಂಟಿ ಎಳೆಯ ಡಿಎನ್‌ಎ ಇದೆ. ಅದನ್ನು ಬಾಳೆಯ ಪಾಲಿಮರೇಸ್‌ನಿಂದಲೇ ನಕಲು ಮಾಡಿಸಿಕೊಳ್ಳುತ್ತದೆ. ಏಲಕ್ಕಿಯ ಕಟ್ಟೆ ರೋಗದ ವೈರಸ್‌ನಲ್ಲಿ ಡಿಎನ್‌ಎಯೇ ಇಲ್ಲ, ಆರ್‌ಎನ್‌ಎ ಇದೆ. ಎರಡನ್ನೂ ಹರಡುವುದು ಗಿಡಹೇನು. ಬಂದ ಗಿಡವನ್ನು ಕಿತ್ತು ಹಾಕುವುದೇ ದಾರಿ.

## ಕೋವಿಡ್ ಹೊತ್ತಿನ ಪಿಸಿಆರ್ ಟೆಸ್ಟ್‌ಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಕೋಶ ಮಾಡುವುದನ್ನೇ ಟ್ಯೂಬಿನಲ್ಲಿ ಮಾಡುವುದು ಪಿಸಿಆರ್. ಹೆಲಿಕೇಸ್ ಬದಲು ಸುಮಾರು 95 ಡಿಗ್ರಿ ಬಿಸಿ ಕೊಟ್ಟು ಎಳೆ ಬಿಡಿಸುತ್ತಾರೆ. ತಣ್ಣಗೆ ಮಾಡಿ ಆಧಾರದ ತುಂಡು ಸೇರಿಸುತ್ತಾರೆ, ಪಾಲಿಮರೇಸ್ ಕಟ್ಟುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತಿಗೆ 100 ಕೋಟಿ ದಾಟುತ್ತದೆ. ಕೋವಿಡ್ ವೈರಸ್ ಆರ್‌ಎನ್‌ಎಯದ್ದು, ಅದಕ್ಕೇ ಮೊದಲು ಅದನ್ನು ಡಿಎನ್‌ಎಗೆ ತಿರುಗಿಸುತ್ತಿದ್ದರು. ‘ಆರ್‌ಟಿ’ ಅಂದರೆ ಅದೇ. ಅಮೆರಿಕದ ವಿಜ್ಞಾನಿ ಕ್ಯಾರಿ ಮುಲ್ಲಿಸ್ ಅವರಿಗೆ 1983ರಲ್ಲಿ ಹೊಳೆದ ಉಪಾಯ ಇದು. ಅಷ್ಟು ಬಿಸಿಯಲ್ಲೂ ಕೆಡದ ಪಾಲಿಮರೇಸ್ ಸಿಕ್ಕಿದ್ದು ಅಮೆರಿಕದ ಯೆಲ್ಲೋಸ್ಟೋನ್ ಬಿಸಿನೀರಿನ ಬುಗ್ಗೆಯ ಬ್ಯಾಕ್ಟೀರಿಯಾದಿಂದ.

## ಇದನ್ನೆಲ್ಲ ಕಣ್ಣಾರೆ ನೋಡಬಹುದಾ?

ಡಿಎನ್‌ಎಯನ್ನು ಮನೆಯಲ್ಲೇ ನೋಡಬಹುದು. ಅರ್ಧ ಬಾಳೆಹಣ್ಣು ಚೆನ್ನಾಗಿ ಕಿವುಚಿ. ಅರ್ಧ ಲೋಟ ನೀರಿಗೆ ಅರ್ಧ ಚಮಚ ಉಪ್ಪು, ಒಂದು ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸೇರಿಸಿ ಅದಕ್ಕೆ ಹಾಕಿ. ನೊರೆ ಬರದ ಹಾಗೆ ಮೆಲ್ಲಗೆ ಕಲಸಿ, ಹತ್ತು ನಿಮಿಷ ಬಿಟ್ಟು, ಕಾಫಿ ಸೋಸುವ ಬಟ್ಟೆಯಲ್ಲಿ ಸೋಸಿ. ಫ್ರಿಜ್ಜಿನಲ್ಲಿ ಇಟ್ಟು ತಣ್ಣಗಾದ ಸರ್ಜಿಕಲ್ ಸ್ಪಿರಿಟ್ಟನ್ನು ಲೋಟದ ಅಂಚಿನಿಂದ ನಿಧಾನ ಇಳಿಸಿ. ಒಲೆ ಹತ್ತಿರ ಬೇಡ. ಎರಡರ ನಡುವೆ ಬಿಳಿ ಎಳೆಗಳು ಮೋಡದ ಹಾಗೆ ಎದ್ದು ಬರುತ್ತವೆ. ಕಡ್ಡಿಯಿಂದ ಸುತ್ತಿ ಎತ್ತಬಹುದು.

ನಕಲು ಮುಗಿದ ಮೇಲಿನ ಸ್ಥಿತಿ ನೋಡಲು ಈರುಳ್ಳಿ ಬೇಕು. ಲೋಟದ ಬಾಯಿಗೆ ಈರುಳ್ಳಿ ಕೂರಿಸಿ, ಬುಡ ಮಾತ್ರ ನೀರಿಗೆ ತಾಗಲಿ. ಬೇಸಿಗೆಯಲ್ಲಿ ಮೂರು ದಿನಕ್ಕೆ ಬೇರು ಬರುತ್ತದೆ. ನಮ್ಮ ಜುಲೈ ಚಳಿಯಲ್ಲಿ ಅದಕ್ಕಿಂತ ಜಾಸ್ತಿ ದಿನ ಬೇಕು. ಬೆಳಿಗ್ಗೆ ಹೊತ್ತು ಬೇರಿನ ತುದಿಯ ಎರಡು ಮೂರು ಮಿಲಿಮೀಟರ್ ಕತ್ತರಿಸಿ ಲ್ಯಾಬಿಗೆ ತನ್ನಿ. ಬಣ್ಣ ಹಾಕಿ, ಗಾಜಿನ ನಡುವೆ ಹೆಬ್ಬೆರಳಿಂದ ಒತ್ತಿ, ಮೈಕ್ರೋಸ್ಕೋಪಿನಲ್ಲಿ ಹುಡುಕಬೇಕು. ಹೆಚ್ಚಿನ ಕೋಶಗಳು ಸುಮ್ನೆ ಕೂತ ಗುಂಡು ಚುಕ್ಕಿಗಳಾಗಿ ಕಾಣುತ್ತವೆ. ಅವುಗಳಲ್ಲಿ ಕೆಲವು ಆಗ ನಕಲು ಮಾಡುತ್ತಿದ್ದವು, ಅದು ಕಣ್ಣಿಗೆ ಕಾಣುವುದಿಲ್ಲ. ತಾಳ್ಮೆಯಿಂದ ಸ್ಲೈಡ್ ಸರಿಸುತ್ತಾ ಹೋದರೆ ಒಂದು ಕಡೆ 16 ವರ್ಣತಂತುಗಳು ನಡುವೆ ಸಾಲಾಗಿ ನಿಂತಿರುವ ಕೋಶ ಸಿಗುತ್ತದೆ. ದೊಡ್ಡದು ಮಾಡಿ ನೋಡಿ. ಒಂದೊಂದೂ ಉದ್ದಕ್ಕೆ ಜೋಡಿಯಾಗಿದೆ, ನಡುವೆ ಕೂದಲೆಳೆಯಷ್ಟು ಬಿರುಕು. ಹೋದ ವರ್ಷ ಹಿಂದಿನ ಬೆಂಚಿನ ಒಬ್ಬ ಹುಡುಗಿ ಅದನ್ನು ಬಹಳ ಹೊತ್ತು ನೋಡಿ, ತಲೆ ಎತ್ತದೆ ಕೇಳಿದಳು: “ಇದರಲ್ಲಿ ಹಳೆಯ ಎಳೆ ಯಾವ ಕಡೆ ಇದೆ?” ಎರಡೂ ಕಡೆ ಅಂದೆ.